ಮಿಕ್ಸ್ ಅಂದರೆ ಕಸವಲ್ಲ

ಹೊಸ ಬಕೆಟ್ಟಿಗೆ ಬಿಸಿನೀರು ಬಿಟ್ಟೊಡನೆ ಪ್ಲಾಸ್ಟಿಕ್ಕಿನ ವಾಸನೆ ಬಚ್ಚಲು ತುಂಬಿತು. ಆಫೀಸಿಗೆ ಹೊತ್ತಾಗುತ್ತಿದ್ದರೂ ಅಲ್ಲೇ ನಿಂತುಬಿಟ್ಟೆ. ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಈ ವಾಸನೆ ಬರುತ್ತಿದ್ದುದು ಒಂದೇ ಕಡೆಯಿಂದ... ಎದುರುಮನೆಯ ಚಾಚಾ ಅವರ ಶೆಡ್ಡಿನಿಂದ.

ಅವರ ಮನೆತನದವರೆಲ್ಲ ಮರದ ಬೊಂಬೆ ಮಾಡುವವರು. ಚಾಚಾ ಮಾತ್ರ ಒಂದು ಮೆಷಿನ್ ಹಾಕಿಕೊಂಡು ಬೊಂಬೆ ಗಾಡಿಗಳಿಗೆ ಪ್ಲಾಸ್ಟಿಕ್ ಚಕ್ರ ಮಾಡುತ್ತಿದ್ದರು. ಕರಗಿಸಿ ಅಚ್ಚಿಗೆ ಹಾಕುವ ಪ್ಲಾಸ್ಟಿಕ್ ಕಾಳು ಇಲ್ಲಿಯದಾದರೆ ಚಕ್ರ ಬಿರುಕು ಬಿಡುತ್ತದೆಂದು ಒಮ್ಮೆ ಹೊರದೇಶದಿಂದಲೇ ಕಾಳು ತರಿಸಿದರು. ಯಾವ ಬಣ್ಣ ಬೇಕೆಂದು ಅಲ್ಲಿಯವರು ಕೇಳಿದಾಗ ಇವರು ‘ಮಿಕ್ಸ್’ ಎಂದರು. ನಮ್ಮೂರ ಬೊಂಬೆ ಅಂಗಡಿಗಳಲ್ಲಿ ಅದು ಒಳ್ಳೆಯ ಮಾತು. ಕೆಂಪು, ಹಳದಿ, ಹಸಿರು ಎಲ್ಲವೂ ಇದೆ ಎಂದರ್ಥ. ಅಲ್ಲಿಯವರು ಬಿಲ್ಲಿನಲ್ಲಿ ‘ಮಿಕ್ಸ್ ಪ್ಲಾಸ್ಟಿಕ್’ ಎಂದೇ ಬರೆದು ಕಳಿಸಿದರು.

ಕಸ್ಟಮ್ಸಿನಲ್ಲಿ ಆ ಮಾತಿಗೆ ಬೇರೆಯೇ ಅರ್ಥ. ನಾನು ಆಗಲೂ ಕಸ್ಟಮ್ಸಿನಿಂದ ಮಾಲು ಬಿಡಿಸಿಕೊಡುವ ಬೆಂಗಳೂರಿನ ಕ್ಲಿಯರಿಂಗ್ ಏಜೆಂಟರ ಆಫೀಸಿನಲ್ಲಿದ್ದೆ, ಈಗಲೂ ಇದ್ದೇನೆ. ಬಂದ ಮಾಲು ಯಾವ ವರ್ಗಕ್ಕೆ ಸೇರುತ್ತದೆಂದು ಬರೆಯುವುದೇ ನನ್ನ ಕೆಲಸ. ಹೊಸ ಕಾಳಿಗೆ ಒಂದು ವರ್ಗ, ಪ್ಲಾಸ್ಟಿಕ್ ಕಸಕ್ಕೆ ಇನ್ನೊಂದು. ಕಸ ತರಿಸಲು ಸರ್ಕಾರದ ಪರವಾನಗಿ ಬೇಕು. ಇಲ್ಲದಿದ್ದರೆ ಮಾಲು ಬಂದ ದಾರಿಯಲ್ಲೇ ವಾಪಸ್. ಮಿಕ್ಸ್ ಎಂದರೆ ಎಲ್ಲೆಲ್ಲಿಂದಲೋ ಬಳಿದು ತಂದ ಕಸವಿರಬೇಕೆಂದು ಕಸ್ಟಮ್ಸಿನವರು ಚಾಚಾ ಅವರ ಮಾಲನ್ನು ತಡೆದರು. ಕಾಳಿಲ್ಲದೆ ಮೆಷಿನ್ ನಿಂತಿತು.

ಒಂದು ದಿನ ಚಾಚಾ ನನ್ನ ಜೊತೆ ರೈಲು ಹತ್ತಿ ಕಸ್ಟಮ್ಸ್ ಆಫೀಸಿಗೇ ಬಂದರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದು ಎನ್ನುತ್ತಾರೆ. ಚಾಚಾ ಒಂದೂ ಬಿಡದೆ ಹೇಳಿಕೊಂಡರು. ಮೊದಲೇ ಸ್ಯಾಂಪಲ್ಲಿಗೆಂದು ಬಂದಿದ್ದ ಹಿಡಿ ಕಾಳನ್ನು ಆಫೀಸರ ಮೇಜಿನ ಮೇಲೆ ಸುರಿದರು.

“ಒಸಿ ಮೂಸ್ ನೋಡಿ ಸಾರ್. ಕಸ ಹಿಂಗಿರ್ತೈತಾ?”

ಆಫೀಸರು ಕೆಟ್ಟವರೇನಲ್ಲ, ದಣಿದಿದ್ದರು. ತಲೆಯೆತ್ತದೆ ಹೇಳಿದರು, “ಲ್ಯಾಬ್‌ನವರು ಹೇಳ್ತಾರೆ ಬಿಡ್ರಿ. ಮೊದ್ಲು ಈ ಕಸ ಎತ್ಕೊಳ್ಳಿ.”

ಚಾಚಾ ಒಂದೊಂದೇ ಕಾಳು ಆಯ್ದು ಜೇಬಿಗೆ ಹಾಕಿಕೊಂಡರು.

ಲ್ಯಾಬಿನ ವರದಿ ಬರುವುದು ತಡವಾಯಿತು. ನಾನು ಬೆಳಿಗ್ಗೆ ರೈಲಿಗೆ ಹೊರಟಾಗ ಚಾಚಾ ಬಾಗಿಲಲ್ಲಿ ನಿಂತಿರುತ್ತಿದ್ದರು. ಇಲ್ಲವೆಂದು ತಲೆಯಾಡಿಸಿ ಆಡಿಸಿ ನನಗೆ ಕೆಲಸಕ್ಕಿಂತ ಅದೇ ಸುಸ್ತು. ಚಕ್ರ ಕೊಳ್ಳುತ್ತಿದ್ದವರು ಅಷ್ಟರಲ್ಲಿ ಬೇರೆ ಕಡೆ ನೋಡಿಕೊಂಡಿದ್ದರು. ಕಡೆಗೂ ವರದಿ ಬಂದ ಸಂಜೆ, ಚಪ್ಪಲಿ ಬಿಡುವ ಮೊದಲೇ ಎದುರುಮನೆಗೆ ಓಡಿದೆ.

“ಚಾಚಾ, ಕಸ ಅಲ್ಲ, ಹೊಸಾ ಕಾಳೇ ಅಂತ ಬರ್ದು ಕೊಟ್ಟವ್ರೆ!”

ಅವರು ನಗಲಿಲ್ಲ. “ಆ ಸಾಹೇಬ್ರು ಏನಂದ್ರು ಬೇಟಿ?”

“ಅವ್ರಿಗೆ ಟ್ರಾನ್ಸ್‌ಫರ್ ಆಯ್ತು. ಕಾಗ್ದ ಬಂದೈತಲ್ಲ ಚಾಚಾ.”

“ಕಸ ಅಂದಿದ್ದು ಕಾಗ್ದ ಅಲ್ವಲ್ಲ ಬೇಟಿ... ಅವ್ರು.”

ಮಾಲು ಮನೆ ಸೇರಿತು. ಮೆಷಿನ್ ಮತ್ತೆ ತಿರುಗಲಿಲ್ಲ. ಆಮೇಲೆ ಚಾಚಾನೂ ಹೋದರು... ಶೆಡ್ಡಿನಲ್ಲಿ ಈಗ ಯಾರೋ ಬೈಕ್ ರಿಪೇರಿ ಮಾಡುತ್ತಾರೆ. ಅವರಿಲ್ಲವೆಂಬುದು ಇವತ್ತು ತುಂಬ ನೋಯಿಸಿತು.

ಆಫೀಸಿಗೆ ಹೋದರೆ ಮೊದಲು ಕೈಗೆ ಬಂದದ್ದೇ ಪ್ಲಾಸ್ಟಿಕ್ ಕಸದ ಕಾಗದ. ನಿಜವಾದ ಕಸವೇ, ಪರವಾನಗಿಯೂ ಇತ್ತು. ಕಸವೆಂದೇ ಬರೆಯಬೇಕಿತ್ತು, ಬರೆದೆ. ಬರೆಯುವ ಮುಂಚೆ ಮಾತ್ರ, ಎಂದೂ ಇಲ್ಲದ್ದು, ಅದು ಯಾರ ಮಾಲೆಂದು ಹೆಸರು ಹುಡುಕಿ ಓದಿದೆ.