ನೀಲವ್ವನಿಗೆ ಕೊಡದ ಚಾಕು

ನೀಲವ್ವ ಬದನೆಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಒಮ್ಮೆ ತಟ್ಟುತ್ತಿದ್ದರು. ಯಾರದೋ ಮನೆಯ ಬಾಗಿಲು ಬಡಿದು ಒಳಗಿನಿಂದ ಉತ್ತರ ಬರುತ್ತದೇನೋ ಎಂದು ಕಾಯುವವರ ಹಾಗೆ ಕಣ್ಣು ಮುಚ್ಚಿ ಕೇಳಿ, "ಇದ್ರಾಗ ಮಂದಿ ಅದಾರ" ಎಂದು ಕಾಯನ್ನು ಪಕ್ಕಕ್ಕೆ ಸರಿಸುತ್ತಿದ್ದರು. ಕುತೂಹಲಕ್ಕೆ ನಾನು ಅದನ್ನು ಸೀಳಿ ನೋಡಿದರೆ ಒಳಗೆ ಹುಳ ಸಂಸಾರ ಹೂಡಿರುತ್ತಿತ್ತು. ನಾನು ಕಂಡಂತೆ ಅವರು ತಪ್ಪಿದ್ದು ಒಂದೇ ಸಲ. ಆ ದಿನ ಹೊರಗಿನ ಗಲ್ಲಿಯಲ್ಲಿ ಮದುವೆಯ ಬ್ಯಾಂಡು ಹೋಗುತ್ತಿತ್ತು.

ಕೇದಾರ ಘಾಟಿನಿಂದ ಎರಡು ಗಲ್ಲಿ ಒಳಗೆ ನಮ್ಮ ಕಡೆಯ ಒಂದು ಮಠವಿದೆ. ನೀಲವ್ವ ಅದರ ಹಿಂದಿನ ಕೋಣೆಯಲ್ಲಿದ್ದರು. ಗದಗಿನ ಹತ್ತಿರದ ಊರು. ಗಂಡ ತೀರಿಕೊಂಡ ಮೇಲೆ ಕಾಶಿಯಲ್ಲೇ ಕಣ್ಣು ಮುಚ್ಚುತ್ತೇನೆಂದು ಬಂದವರು, ಬಂದ ಮರುದಿನವೇ ಅಡುಗೆಮನೆಗೆ ಹೋಗಿ ಈಳಿಗೆ ಮಣೆ ಕೇಳಿದರಂತೆ. ಅಂದಿನಿಂದ ಹನ್ನೊಂದು ವರ್ಷ ಮಠದ ಊಟದ ತರಕಾರಿಯೆಲ್ಲ ಅವರ ಕೈ ದಾಟಿಯೇ ಹೋಗುತ್ತಿತ್ತು. "ಮುಂಜಾನೆ ಏನೂ ಹೆಚ್ಚಲಿಲ್ಲಂದ್ರ ಮಧ್ಯಾಹ್ನ ತುತ್ತು ಗಂಟಲಾಗ ಇಳಿಯಂಗಿಲ್ಲಪಾ" ಎನ್ನುತ್ತಿದ್ದರು. ಇದು ವಿನಯದ ಮಾತೆಂದು ನಾನು ಬಹಳ ದಿನ ತಿಳಿದಿದ್ದೆ. ಅದು ಅವರು ತಮಗೆ ತಾವೇ ಹಾಕಿಕೊಂಡ ಷರತ್ತು ಎಂದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು.

ನಾನು ತುಮಕೂರಿನವನು, ಸರ್ಕಾರಿ ನೌಕರಿಯ ವರ್ಗಾವಣೆಯಲ್ಲಿ ವಾರಾಣಸಿಗೆ ಬಂದು ಬಿದ್ದವನು. ಭಾನುವಾರ ಬೆಳಿಗ್ಗೆ ಮಠಕ್ಕೆ ಹೋಗಿ, ಯಾತ್ರಿಕರಿಗೆ ಹಿಂದಿಯ ಅರ್ಜಿಗಳನ್ನು ತುಂಬಿಕೊಟ್ಟು, ಮಧ್ಯಾಹ್ನ ಪಂಕ್ತಿಯಲ್ಲಿ ಕೂತು ಅನ್ನ ಸಾರು ಉಂಡು ಬರುವುದು ನನ್ನ ವಾಡಿಕೆ. ಇದನ್ನು ಸೇವೆ ಎಂದು ಮನೆಯಲ್ಲಿ ಹೇಳುತ್ತಿದ್ದೆ. ಹೆಂಡತಿ ಸುಮಾ ಅದಕ್ಕೆ "ಸಾರು" ಎಂದಷ್ಟೇ ಹೇಳುತ್ತಿದ್ದಳು.

ಊರು ಬಿಟ್ಟು ಬರುವಾಗ ನನ್ನ ಹತ್ತಿರ ಒಂದು ದೊಡ್ಡ ಕ್ಯಾಮೆರಾ, ಐದು ಲೆನ್ಸು ಇದ್ದವು. ಕಾಶಿಯಲ್ಲಿ ಮಹತ್ತಾದದ್ದನ್ನು ತೆಗೆಯುತ್ತೇನೆಂಬ ಹುಚ್ಚು. ಬಂದು ನೋಡಿದರೆ ಪ್ರತಿ ಮೆಟ್ಟಿಲಿನ ಮೇಲೂ ನನ್ನಂಥವನೇ ಒಬ್ಬ ಮಂಡಿಯೂರಿ ಕೂತಿದ್ದ. ಒಂದೇ ಸಾಧುವನ್ನು ಏಳು ಜನ ಏಳು ಕೋನದಿಂದ ಹಿಡಿಯುತ್ತಿದ್ದೆವು. ಆತ ಗಡ್ಡವನ್ನು ಬೆಳಕಿನ ಕಡೆಗೆ ತಾನೇ ತಿರುಗಿಸಿಕೊಡುತ್ತಿದ್ದ. ನನ್ನ ಉತ್ಸಾಹ ಆರಿಹೋಯಿತು. ಉಳಿದದ್ದು ಚಿಂತೆ: ಲೆನ್ಸಿನಲ್ಲಿ ಬೂಷ್ಟು ಬಂತೇ, ದೋಣಿ ಅಲ್ಲಾಡಿ ಚೀಲ ಗಂಗೆ ಪಾಲಾದೀತೇ, ಕೋತಿ ಕಿತ್ತುಕೊಂಡೀತೇ.

ಆಗಲೇ ಮಡಿಸುವ ಚಾಕುಗಳ ಒಂದು ವಾಟ್ಸಾಪ್ ಗುಂಪು ಸಿಕ್ಕಿತು. ಜೇಬಿನಲ್ಲಿಡುವ ಚಾಕುವಿಗೆ ಜನ ಇಷ್ಟು ಬೆಲೆ ಕೊಡುತ್ತಾರೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಒಂದರ ಅಲಗಿನ ಮೇಲೆ ನೀರು ಹರಿದಂಥ ಗೆರೆಗಳು, ಇನ್ನೊಂದರ ಹಿಡಿ ವಿಮಾನಕ್ಕೆ ಬಳಸುವ ಲೋಹದ್ದು, ತೆರೆದರೆ ಬರುವ 'ಟಕ್' ಶಬ್ದದ ಬಗ್ಗೆಯೇ ಎರಡು ದಿನ ಚರ್ಚೆ. ಪುಣೆಯ ಸದಸ್ಯನೊಬ್ಬನಿಗೆ ನನ್ನ ಲೆನ್ಸ್ ಬೇಕಿತ್ತು, ನನಗೆ ಅವನ ಚಾಕು. ಹೀಗೆ ಶುರುವಾಗಿ ಎರಡು ವರ್ಷದಲ್ಲಿ ಕ್ಯಾಮೆರಾದ ಚೀಲ ಪೂರ್ತಿ ಖಾಲಿಯಾಯಿತು, ಅದೇ ಚೀಲದ ಅದೇ ಗೂಡುಗಳಲ್ಲಿ ಹನ್ನೆರಡು ಚಾಕುಗಳು ಮಲಗಿದವು. ಅವುಗಳಿಂದ ನಾನು ಕತ್ತರಿಸುತ್ತಿದ್ದದ್ದು ಒಂದೇ ವಸ್ತು: ಮುಂದಿನ ಚಾಕು ಬಂದ ಕೊರಿಯರ್ ಡಬ್ಬಿಯ ಟೇಪು. ಚಿಂತೆಯೂ ಹೊಸದಾಯಿತು. ಮಳೆಗಾಲದಲ್ಲಿ ತುಕ್ಕು ಹಿಡಿದೀತೆಂದು ಬೂಟಿನ ಡಬ್ಬಿಗಳಲ್ಲಿ ಬರುವ, ತೇವ ಹೀರುವ ಸಣ್ಣ ಪೊಟ್ಟಣಗಳನ್ನೆಲ್ಲ ಕೂಡಿಟ್ಟೆ. ಅಲಗು ಎಷ್ಟು ಉದ್ದವಿದ್ದರೆ ಪೊಲೀಸರು ಹಿಡಿಯುತ್ತಾರೆ ಎಂದು ಓದಿ ಓದಿ, ಕೊನೆಗೆ ಸ್ಕೇಲು ಕಂಡರೂ ಎದೆ ಹೊಡೆದುಕೊಳ್ಳುತ್ತಿತ್ತು.

"ಕ್ಯಾಮೆರಾ ಇದ್ದಾಗ ನಮ್ಮದೊಂದು ಫೋಟೋ ತೆಗೀಲಿಲ್ಲ" ಎಂದಳು ಸುಮಾ. "ಈಗ ಹನ್ನೆರಡು ಚಾಕು ಇದೆ, ನಿಂಬೆಹಣ್ಣು ಕುಯ್ಯೋಕೆ ಒಂದು ಕೊಡಲ್ಲ."

"ನಿಂಬೆ ಹುಳಿಗೆ ಅಲಗಿನ ಮೇಲೆ ಕಲೆ ಬೀಳುತ್ತೆ ಕಣೇ."

"ಹಾಗಾದ್ರೆ ಅದನ್ನ ಚಾಕು ಅಂತ ಯಾಕೆ ಕರೀತೀರಿ?"

ಕಾಶಿಗೆ ಬಂದವರು ಇಷ್ಟದ ತಿನಿಸೊಂದನ್ನು ಇಲ್ಲೇ ಬಿಟ್ಟುಹೋಗುವ ಪದ್ಧತಿ ಎಲ್ಲರಿಗೂ ಗೊತ್ತು. ಹಾಗಲಕಾಯಿ ಬಿಟ್ಟು ಪುಣ್ಯ ಕಟ್ಟಿಕೊಂಡವರನ್ನು ಮಠದಲ್ಲಿ ಬೇಕಾದಷ್ಟು ನೋಡಿದ್ದೇನೆ. ನೀಲವ್ವ ಬಿಟ್ಟದ್ದು ಬದನೆಕಾಯಿ, ಅದೂ ಎಣ್ಣೆಗಾಯಿಯೆಂದರೆ ಪ್ರಾಣ ಬಿಡುವವರು. ಬಿಟ್ಟ ಮೇಲೂ ದಿನಾ ಎಲ್ಲರಿಗಾಗಿ ಅದನ್ನೇ ಹೆಚ್ಚುತ್ತಿದ್ದರು. ತೊಟ್ಟು ಉಳಿಸಿಕೊಂಡು ನಾಲ್ಕು ಸೀಳು. ಒಂದು ಕಾಯಿಯೂ ಬಿಚ್ಚಿಕೊಳ್ಳುತ್ತಿರಲಿಲ್ಲ. ಗಂಗೆಯಾಚೆಯ ರಾಮನಗರದಿಂದ ಬರುವ ತಲೆ ಗಾತ್ರದ ಗುಂಡು ಬದನೆಯನ್ನು ಮಾತ್ರ ಅವರು ಬದನೆಯೆಂದೇ ಒಪ್ಪುತ್ತಿರಲಿಲ್ಲ. "ಏ ಭೈಯಾ, ಇದಕ್ಕ ಮಸಾಲಿ ತುಂಬಾಕ ಬೋರಿ ಲಾನಾ ಪಡತಾ ಹೈ" ಎಂದು, ಮಸಾಲೆಯನ್ನು ಮೂಟೆಯಲ್ಲೇ ತರಬೇಕಾದೀತೆಂಬುದನ್ನು, ತರಕಾರಿಯವನಿಗೆ ಅರ್ಧ ಗದಗಿನ, ಅರ್ಧ ಬನಾರಸಿನ ಭಾಷೆಯಲ್ಲಿ ಹೇಳುತ್ತಿದ್ದರು. ಅವನೂ ನಗುತ್ತ, "ಠೀಕ್ ಬಾ, ಅಮ್ಮಾ" ಎಂದು ಸಣ್ಣವನ್ನು ಆರಿಸಿಕೊಡುತ್ತಿದ್ದ.

ನಾನು ಬಹಳ ಗಂಭೀರವಾಗಿ, "ನಾನು ಕಾಶೀಲಿ ಫೋಟೋ ತೆಗೆಯೋದು ಬಿಟ್ಟೆ, ಅವ್ವ" ಎಂದು ಅವರಿಗೊಮ್ಮೆ ಹೇಳಿದೆ. ಲೆನ್ಸು ಕೊಟ್ಟು ಚಾಕು ತಂದ ಕಥೆಯೂ ಬಾಯಿಂದ ಬಂತು. ನೀಲವ್ವ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟು ನನ್ನ ಮುಖ ನೋಡಿದರು.

"ಬಿಟ್ಟಿಯೋ, ಬದ್ಲಿ ಮಾಡಿದಿಯೋ?"

"ಬಿಟ್ಟೆ ಅಂತಾನೇ..."

"ನಾ ಬದನಿಕಾಯಿ ಕೊಟ್ಟು ವಿಶ್ವನಾಥನ ಕಡಿಂದ ಹೀರಿಕಾಯಿ ಇಸ್ಕೊಂಡಿಲ್ಲಪಾ" ಎಂದು ಮತ್ತೆ ಈಳಿಗೆಗೆ ಕೈ ಹಾಕಿದರು.

ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ ಅವರ ಮೊಣಕಾಲು ಕೈಕೊಟ್ಟಿತು. ನೆಲಕ್ಕೆ ಕೂತರೆ ಎಬ್ಬಿಸಲು ಇಬ್ಬರು ಬೇಕಾಯಿತು. ಈಳಿಗೆ ನೆಲದ ಮೇಲಿನ ಸಾಧನ. ಕುರ್ಚಿಗೆ ಅದು ಬಾರದು. ಮಠದ ಕೈಚಾಕುಗಳೋ ಕಬ್ಬಿಣದ ಹಲಗೆಯಂಥವು, ಅವರ ಮಣಿಕಟ್ಟು ತಾಳುತ್ತಿರಲಿಲ್ಲ. ಅಡುಗೆಮನೆ ನೋಡಿಕೊಳ್ಳುತ್ತಿದ್ದ ಬಸಯ್ಯನವರು ಒಳ್ಳೆಯವರು. ಒಳ್ಳೆಯ ಮನಸ್ಸಿನಿಂದಲೇ, "ಇನ್ನ ಸಾಕ್ರಿ ಅವ್ವಾರ, ಆರಾಮ ಕುಂತು ಪ್ರಸಾದ ತಗೋರಿ" ಎಂದರು. ನೀಲವ್ವ ಆ ಮಧ್ಯಾಹ್ನ ಉಣ್ಣಲಿಲ್ಲ. ರಾತ್ರಿಯೂ ಉಣ್ಣಲಿಲ್ಲ. ಮರುದಿನ ಕುರ್ಚಿಯಲ್ಲಿ ಕೂತು ಆ ಹಲಗೆಯಂಥ ಚಾಕುವಿನಲ್ಲೇ ಒಂದು ಬುಟ್ಟಿ ಬೀನ್ಸ್ ಮುಗಿಸಿ, ಆಮೇಲೆ ತಟ್ಟೆ ಮುಟ್ಟಿದರಂತೆ.

ಆ ಭಾನುವಾರ ನನ್ನನ್ನು ಪಕ್ಕಕ್ಕೆ ಕರೆದರು.

"ತಮ್ಮಾ, ನಿನ್ನ ಹಂತ್ಯಾಕ ಹನ್ನೆರಡು ಅದಾವಂದಿ. ಹಗುರನ್ನೂದು ಒಂದು ಕೊಡು. ಸಂಜಿಗೆ ತೊಳದು ತಿರುಗಿ ಕೊಡ್ತೇನಿ. ನನ್ನ ಅಡಗಿಮನಿ ಬಿಡಿಸಾಕ ಹತ್ಯಾರ ನೋಡು."

ಅವರು ಯಾರನ್ನಾದರೂ ಏನಾದರೂ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಅವರಿಗೆ ತಕ್ಕ ಚಾಕು ಯಾವುದೆಂದು ನನಗೆ ಆ ಕ್ಷಣವೇ ಗೊತ್ತಿತ್ತು. ನನ್ನ ಸಂಗ್ರಹದ ರಾಜ ಅದು. ಹಕ್ಕಿಯ ಗರಿಯಷ್ಟು ಹಗುರ, ತೆರೆದರೆ ಅಲಗು ಲಾಕ್ ಆಗಿ ಅಲುಗಾಡದು. ನನ್ನ ಅತಿ ಉದ್ದದ ಲೆನ್ಸ್ ಕೊಟ್ಟು ತಂದದ್ದು. ಮನೆಗೆ ಬಂದು ಚೀಲ ತೆರೆದು ಅದನ್ನು ಮೂರು ಸಲ ಕೈಗೆತ್ತಿಕೊಂಡೆ. ಬದನೆಕಾಯಿಯ ಒಗರು, ಮಠದ ಗಡಸು ನೀರು, ಬಸಯ್ಯನವರ ತಂತಿ ಬ್ರಷ್ಷಿನ ಉಜ್ಜಾಟ ಕಣ್ಣಮುಂದೆ ಬಂದವು. ಮೂರು ಸಲವೂ ಒಳಗಿಟ್ಟೆ. ಕೊನೆಗೆ ಕೊಂಬಿನ ಹಿಡಿಯ ಹಳೆಯದೊಂದನ್ನು ಆರಿಸಿದೆ. ನೋಡಲು ಚಂದ, ಆದರೆ ಅದಕ್ಕೆ ಲಾಕ್ ಇಲ್ಲ. ಅಜ್ಜಿಯರಿಗೆ ಇಂಥ ಸಾದಾ ಚಾಕುವೇ ಅನುಕೂಲ ಎಂದು ದಾರಿಯುದ್ದಕ್ಕೂ ನನಗೆ ನಾನೇ ಒಪ್ಪಿಸಿಕೊಂಡು ಹೋದೆ.

ಕೈ ಚಾಚಿ ಕೊಡಲು ಹೋದರೆ ನೀಲವ್ವ ತಮ್ಮ ಕೈಯನ್ನು ಹಿಂದಕ್ಕೆ ಎಳೆದುಕೊಂಡರು.

"ಕೆಳಗಿಡೋ. ಕೈಯಾಗ ಕೊಟ್ಟು ನಮ್ಮಿಬ್ಬರಿಗೂ ಜಗಳ ಹಚ್ಚಾಂವೇನು?"

ಮೆಟ್ಟಿಲ ಮೇಲೆ ಇಟ್ಟೆ. ಅವರು ಎತ್ತಿಕೊಂಡು ಸೆರಗಿನಲ್ಲಿ ಒರೆಸಿದರು. ನಾನು ಗೋಡೆಯ ಕಡೆ ನೋಡುತ್ತ, "ಚೆನ್ನಾಗಿದೆ ಅಲ್ವಾ ಅವ್ವ? ಚೆನ್ನಾಗಿದೆ ತಾನೆ?" ಎಂದು ಎರಡೆರಡು ಸಲ ಕೇಳಿದೆ.

"ಐತಿ" ಎಂದರು.

ಮೂರು ವಾರ ಎಲ್ಲ ಸರಿಯಿತ್ತು. ನಾಲ್ಕನೆಯ ಭಾನುವಾರ ಎಣ್ಣೆಗಾಯಿ. ಕಾಯಿಯನ್ನು ಸೀಳಲು ಚಾಕುವಿನ ತುದಿಯನ್ನು ಒತ್ತಬೇಕು. ಒತ್ತಿದರು, ಅಲಗು ಮಡಚಿಕೊಂಡು ಅವರ ಬೆರಳ ಮೇಲೆಯೇ ಮುಚ್ಚಿಕೊಂಡಿತು. ನಾನು ಎದುರಿಗೇ ಕೂತು ಯಾರದೋ ಅರ್ಜಿ ಬರೆಯುತ್ತಿದ್ದೆ. ನೀಲವ್ವ ಕೂಗಲಿಲ್ಲ. ರಕ್ತ ತರಕಾರಿಗೆ ತಾಗದಂತೆ ಕೈಯನ್ನು ದೂರ ಹಿಡಿದು, "ಬುಟ್ಟಿ ಸರಸ್ರಿ" ಎಂದರು. ಬಸಯ್ಯನವರು ಓಡಿಬಂದು ಬಟ್ಟೆ ಸುತ್ತಿದರು. ಆಮೇಲೆ ಚಾಕುವನ್ನು ಎತ್ತಿ ನೋಡಿ ಕೇಳಿದರು.

"ಯಾರದ್ರಿ ಇದು? ಇಂಥದ್ದನ್ನ ಅಡಗಿಮನಿಗೆ ಯಾರು ತಂದ್ರು?"

ನನ್ನ ಬಾಯಿಯಿಂದ ಬಂದದ್ದು, "ಟಿಟಿ ಇಂಜೆಕ್ಷನ್ ಕೊಡಿಸ್ಬೇಕು" ಎಂಬ ಮಾತು. ಅದನ್ನೇ ನಾಲ್ಕೈದು ಸಲ ಹೇಳಿದೆ. ಅಷ್ಟರಲ್ಲಿ ನೀಲವ್ವ, "ನಂದ ಐತಿ. ಗಲ್ಲ್ಯಾಗ ತಗೊಂಡಿದ್ದೆ" ಎಂದುಬಿಟ್ಟರು. ಸುಮ್ಮನಿರುವುದು ಎಷ್ಟು ಸುಲಭವೆಂದು ನನಗೆ ಅಂದು ಗೊತ್ತಾಯಿತು.

ಐದು ಹೊಲಿಗೆ ಬಿದ್ದವು. ಮಠದವರು ಅವರಿಗೆ ಅಂಗಳದ ಬಿಸಿಲಿನಲ್ಲಿ ಒಂದು ಒಳ್ಳೆಯ ಕುರ್ಚಿ ಹಾಕಿಕೊಟ್ಟರು. ಊಟಕ್ಕೆ ಮೊದಲ ತಟ್ಟೆ ಅವರಿಗೇ ಹೋಗುತ್ತಿತ್ತು. ಅಡುಗೆಮನೆಯ ಬಾಗಿಲಿನೊಳಗೆ ಮಾತ್ರ ಬಿಡುತ್ತಿರಲಿಲ್ಲ. ನೀಲವ್ವ ಕಾಲು ತಟ್ಟೆ ಉಂಡು ಏಳುತ್ತಿದ್ದರು. ಮುಂದಿನ ಭಾನುವಾರ ನಾನು ಆ ರಾಜನನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೋದೆ. ಬಸಯ್ಯನವರು ಅಲ್ಲೇ ಅಕ್ಕಿ ಆರಿಸುತ್ತ ಕೂತಿದ್ದರು. ಈಗ ಇದನ್ನು ತೆಗೆದರೆ ಹಿಂದಿನದ್ದೂ ಹೊರಬೀಳುತ್ತದೆ. ಜೇಬಿನೊಳಗೇ ಅದನ್ನು ತಿರುವುತ್ತ ಒಂದು ಗಂಟೆ ಕೂತು, ಸಾರು ಉಂಡು ವಾಪಸು ಬಂದೆ. ಅದರ ಮುಂದಿನ ವಾರವೂ ಹಾಗೆಯೇ ಆಯಿತು.

ಮೂರನೆಯ ವಾರ ಹೋದಾಗ ನೀಲವ್ವ ಟ್ರಂಕು ಕಟ್ಟಿದ್ದರು. ಯಾತ್ರೆಗೆ ಬಂದಿದ್ದ ಗದಗಿನ ಗುಂಪೊಂದು ಮರುದಿನ ಹೊರಡುವುದಿತ್ತು.

"ಅವ್ವ, ಕಾಶಿ ಬಿಟ್ಟು ಹೋಗ್ತೀರಾ? ಇಲ್ಲೇ ಅಂತ ಬಂದವರು..."

"ತಂಗಿ ಮಗಳದು ಗದಗಿನ್ಯಾಗ ಖಾನಾವಳಿ ಐತಿ. ಅಲ್ಲಿ ಈಳಿಗಿ ಕಟ್ಟಿ ಮ್ಯಾಲೆ ಇಟಗೊಂಡು ಉಳ್ಳಾಗಡ್ಡಿ ಹೆಚ್ಚಬಹುದು. ಇಲ್ಲಿ ಕುರ್ಚಿ ಮ್ಯಾಲೆ ಕುಂತು ಉಣ್ಣಾಕ ನಾ ಏನ್ ಬೀಗತಿ ಏನು?"

"ಆದ್ರೆ ಇಲ್ಲೇ ಕಣ್ಣು ಮುಚ್ಚಿದ್ರೆ ಮೋಕ್ಷ ಅಂತ..."

"ಹನ್ನೊಂದು ವರ್ಷ ಕಾದೇನಿ, ಅದಕ್ಕೂ ನನ್ನ ವಿಳಾಸ ಸಿಕ್ಕಿಲ್ಲ. ಬೇಕಾದ್ರ ಗದಗಿಗೆ ಬರ್ಲಿ."

ಮರುದಿನ ರೈಲ್ವೆ ಸ್ಟೇಷನ್ನಿಗೆ ಹೋಗುವ ಮೊದಲು ಆ ರಾಜನನ್ನು ಕಾಗದದಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡೆ. ಆಟೋದಲ್ಲಿ ಅರ್ಧ ದಾರಿಗೆ ಸ್ಟೇಷನ್ನಿನ ಬಾಗಿಲಲ್ಲಿ ಚೀಲ ತಪಾಸಣೆಯ ಯಂತ್ರವಿದೆ ಎಂಬುದು ನೆನಪಾಯಿತು. ನಾಳೆಯ ಪತ್ರಿಕೆಯಲ್ಲಿ 'ಚಾಕು ಸಹಿತ ಸರ್ಕಾರಿ ನೌಕರನ ಬಂಧನ' ಎಂಬ ಸುದ್ದಿಯೂ, ಅದರ ಕೆಳಗೆ ನನ್ನ ಪಾಸ್‌ಪೋರ್ಟ್ ಫೋಟೋವೂ ಕಂಡವು. ಆಟೋ ತಿರುಗಿಸಿ ಮನೆಗೆ ಹೋಗಿ ಅದನ್ನು ಕ್ಯಾಮೆರಾ ಚೀಲದ ಗೂಡಿನಲ್ಲಿ ಮಲಗಿಸಿ, ಬರಿಗೈಯಲ್ಲಿ ಹೋಗಬಾರದೆಂದು ದಾರಿಯಲ್ಲಿ ಒಂದು ಡಜನ್ ಬಾಳೆಹಣ್ಣು ಕೊಂಡೆ. ಸ್ಟೇಷನ್ನಿನಲ್ಲಿ ನೋಡಿದರೆ ಯಂತ್ರ ಕೆಟ್ಟಿತ್ತು. ಕಾನ್‌ಸ್ಟೇಬಲ್ ಅದರ ಮೇಲೆ ಚಹಾದ ಮಣ್ಣಿನ ಕುಲ್ಹಡ್ ಇಟ್ಟುಕೊಂಡು ಕೂತಿದ್ದ.

ನೀಲವ್ವ ಕಿಟಕಿಯ ಪಕ್ಕ ಕೂತಿದ್ದರು. ಬೆರಳಿನ ಗಾಯ ಒಣಗಿತ್ತು. ನಾನು ಕಿಟಕಿಯ ಸರಳು ಹಿಡಿದು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು ಹೇಳಿದೆ. "ಅವ್ವ, ನನ್ನ ಹತ್ರ ಅದಕ್ಕಿಂತ ಒಳ್ಳೇದು ಇತ್ತು. ಮಡಚಿಕೊಳ್ಳದೇ ಇರೋದು. ನಿಮಗೆ ಕೊಡಲಿಲ್ಲ."

"ಗೊತ್ತೈತಿ."

"ಹೇಗೆ?"

"ಛಲೋದು ಕೊಡಾಂವ ಕೊಟ್ಟ ಮ್ಯಾಲೂ ಅದನ್ನ ನೋಡ್ಕೋತ ಇರ್ತಾನ. ನೀ ಗ್ವಾಡಿ ನೋಡಾಕ ಹತ್ತಿದ್ದಿ."

ಅವರು ನನ್ನ ಕೈಚೀಲದ ಕಡೆ ನೋಡಿದರು.

"ಈಗೇನು ತಂದಿ?"

"ಬಾಳೆಹಣ್ಣು."

ನೀಲವ್ವ ನಕ್ಕರು. ಹೊಟ್ಟೆ ಕುಲುಕುವಂತೆ, ಬಹಳ ಹೊತ್ತು ನಕ್ಕರು. "ಚಾಕು ಬೇಡಿದ್ದಕ್ಕ ಬಾಳಿಹಣ್ಣು. ನಿನ್ನ ಬುದ್ಧಿ ಕಾಶ್ಯಾಗೂ ತೊಳೀಲಿಲ್ಲ ನೋಡ, ತಮ್ಮಾ. ತಾ ಇಲ್ಲಿ" ಎಂದು ಸರಳಿನ ನಡುವೆ ಕೈ ಹಾಕಿ ಚಿಪ್ಪನ್ನು ಎಳೆದುಕೊಂಡರು.

ರೈಲು ಅಲುಗಿತು. ಏನಾದರೂ ಹೇಳುತ್ತಾರೇನೋ, ಕೈ ಬೀಸುತ್ತಾರೇನೋ ಎಂದು ನಾನು ಜೊತೆಗೇ ನಾಲ್ಕು ಹೆಜ್ಜೆ ನಡೆದೆ. ಅವರು ಆಗಲೇ ಚಿಪ್ಪಿನಿಂದ ಹಣ್ಣು ಬಿಡಿಸಿ, ಎದುರು ಸೀಟಿನವರ ತಲೆಗಳನ್ನು ಎಣಿಸಿ, ಒಂದೊಂದಾಗಿ ಸುಲಿದು ಹಂಚತೊಡಗಿದ್ದರು. ಕಿಟಕಿಯ ಕಡೆ ತಿರುಗಲಿಲ್ಲ. ಎಲ್ಲರಿಗೂ ಕೊಟ್ಟಾದ ಮೇಲೆ ಕೊನೆಯದನ್ನು ತಾವು ತಿನ್ನಲು ಶುರುಮಾಡಿದ್ದು ಮಾತ್ರ ನನಗೆ ಕಾಣಿಸಿತು.