ಗುಡ್ಡ ಹತ್ತುವ ಸೂಜಿ ಸ್ವಾಮಿಯ ಸೈಕಲ್

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೊಳಗುಂದದಿಂದಾಚೆ ಕೋಡಗಲ್ಲು ಗುಡ್ಡದ ಬುಡದಲ್ಲಿ ಸೇತುಮಾಧವ ಸೈಕಲ್ಲಿನಿಂದ ಇಳಿಯುತ್ತಾರೆ. ಪಂಚೆಯನ್ನು ಮೊಳಕಾಲಿನ ಮೇಲಕ್ಕೆ ಎತ್ತಿ ಕಟ್ಟಿ, ಸೈಕಲ್ಲನ್ನು ಹೆಗಲಿಗೇರಿಸುತ್ತಾರೆ. ಮುಂದಿರುವುದು ಯಾವ ಕಾಲದಲ್ಲೋ ಪಾಳೇಗಾರರು ಕುದುರೆಗಳಿಗೆಂದು ಹಾಸಿದ ಕಲ್ಲಿನ ಮೆಟ್ಟಿಲು. ಪಾಳೇಗಾರರು ಹೋದರು, ಕುದುರೆಗಳೂ ಹೋದವು. ಮೇಲಿನ ಹುಡೇವು, ಅವರ ಕಾವಲು ಬುರುಜು, ಅರ್ಧ ಕುಸಿದು ನಿಂತಿದೆ. ಈಗ ಈ ದಾರಿಯಲ್ಲಿ ಹತ್ತುವ ವಾಹನ ಇದೊಂದೇ.

"ಇಲ್ಲೀ ಮಟ ಅದು ನನ್ನ ಹೊತ್ಕೊಂಡು ಬರ್ತೈತಿ. ಇಲ್ಲಿಂದ ನಾ ಅದನ್ನ ಹೊರ್ತೀನಿ. ಯಾರ ಹಂಗೂ ಬ್ಯಾಡ ನೋಡ್ರಿ," ಎಂದು ಅವರು ಏದುಸಿರಿನಲ್ಲೇ ನಗುತ್ತಾರೆ.

ಸೇತುಮಾಧವ ಪಶು ಆಸ್ಪತ್ರೆಯ ಕಾಂಪೌಂಡರ್, ಗುಡ್ಡದ ಕುರಿಗಾರರ ಬಾಯಲ್ಲಿ ಸೂಜಿ ಸ್ವಾಮಿ. ವಯಸ್ಸು ನಲವತ್ನಾಲ್ಕು, ಸೇವೆ ಹದಿನೆಂಟು ವರ್ಷ. ಹಿಂದಿನ ಕ್ಯಾರಿಯರಿನಲ್ಲಿ ಕಂಬಳಿ ಸುತ್ತಿದ ಅಗಲ ಬಾಯಿಯ ಫ್ಲಾಸ್ಕಿದೆ. ಅದರೊಳಗೆ ಐಸು, ಐಸಿನ ನಡುವೆ ಕುರಿಗಳಿಗೆ ಹಾಕುವ ಚಿಟುಕು ರೋಗದ ಲಸಿಕೆ. ಮೊದಲ ಮಳೆಗೆ ಚಿಗುರಿದ ಹುಲ್ಲು ಮೇಯ್ದ ಕುರಿ, ನಿಂತಲ್ಲೇ ಬಿದ್ದು ಸಾಯುವ ರೋಗವದು. ಐಸು ಹಿಂದಿನ ಸಂಜೆಯ ಬಸ್ಸಿನಲ್ಲಿ ಆದೋನಿಯಿಂದ ಹೊಟ್ಟಿನಲ್ಲಿ ಹುದುಗಿ ಬರುತ್ತದೆ, ಬೆಳಿಗ್ಗೆ ಹತ್ತರ ಹೊತ್ತಿಗೆ ನೀರಾಗುತ್ತದೆ. ಹೊತ್ತೇರಿದರೆ ಕುರಿಗಳೂ ಮೇಯಲು ಹೊರಟುಬಿಡುತ್ತವೆ. ಹಾಗಾಗಿ ಸೂರ್ಯನಿಗಿಂತ ಮೊದಲು ಇವರು ಮೇಲಿರಬೇಕು.

ಆದರೆ ಇವತ್ತಿನ ಅವಸರವೇ ಬೇರೆ. ಇವತ್ತು 1984ರ ಜೂನ್ ಒಂದು. ಮೇಲಿನ ಸಾಹೇಬರು ಹೊರಡಿಸಿದ ಹೊಸ ಆರ್ಡರು ಇವತ್ತಿನಿಂದ ಜಾರಿ. ಇನ್ನು ಮುಂದೆ ಸಿಬ್ಬಂದಿ ಗುಡ್ಡ ಹತ್ತುವಂತಿಲ್ಲ. ಕುರಿಗಳೇ ಇಳಿದು ಡಾಂಬರು ರಸ್ತೆಗೆ ಬರಬೇಕು. ಬೆಳಿಗ್ಗೆ ಹತ್ತಕ್ಕೆ ರಸ್ತೆ ಬದಿಯಲ್ಲಿ ಶಿಬಿರ, ಮೊದಲ ಸರದಿ ಕೋಡಗಲ್ಲಿನದೇ. ಮೀರಿದರೆ ನೌಕರಿಗೇ ಕುತ್ತು. ಅದನ್ನು ಓದಿ, ಮಡಚಿ, ಅಂಗಿ ಜೇಬಿನಲ್ಲಿಟ್ಟುಕೊಂಡೇ ಸೇತುಮಾಧವ ಗುಡ್ಡ ಹತ್ತುತ್ತಿದ್ದಾರೆ.

"ಗಬ್ಬದ ಕುರಿ ಇಳೀತಾವೇನ್ರಿ ಈ ಮೆಟ್ಲಾ? ಕುಂಟು ಕುರಿ ಇಳೀತಾವ? ಗಟ್ಟಿ ಇದ್ದವು ಇಳ್ದು ಸೂಜಿ ಹಾಕಿಸ್ಕೋತಾವ, ಸಾಯೋವು ಮ್ಯಾಲೇ ಉಳೀತಾವ. ಮತ್ತ ದಿನಾ ಒಂದೊಂದು ಹಟ್ಟಿ ಕುರಿ ಅದೇ ಜಾಗಕ್ಕ ಬಂದು ನಿಂತ್ರ, ಒಂದರ ರೋಗ ಎಲ್ಲಾಕ್ಕೂ ಹತ್ತತೈತಿ. ಇದೆಂಥಾ ಆರ್ಡರ್ ರೀ?" ಮಾತು ಕೇಳಿದರೆ ಇವರು ಕೈಕಟ್ಟಿ ನಿಲ್ಲುವ ಆಸಾಮಿಯಲ್ಲ ಎಂಬುದು ತಿಳಿಯುತ್ತದೆ.

ಸೈಕಲ್ ಕೂಡ ಯಜಮಾನನಂತೆಯೇ ಮೊಂಡು. ಗುಡ್ಡದ ತುಂಬ ಬಳ್ಳಾರಿ ಜಾಲಿ, ಅದರ ಮುಳ್ಳಿಗೆ ಯಾವ ಟ್ಯೂಬೂ ಲೆಕ್ಕವಿಲ್ಲ. ಅದಕ್ಕೇ ಇವರು ಟೈರಿನೊಳಗೆ ಇನ್ನೊಂದು ಹಳೆಯ ಟೈರನ್ನು ಸೀಳಿ ಕೂರಿಸಿದ್ದಾರೆ. ತುಳಿಯಲು ಭಾರ, ಆದರೆ ಮುಳ್ಳು ಒಳಗಿಳಿಯದು. ಬೆಲ್ಲನ್ನು ಕಿತ್ತೆಸೆದಿದ್ದಾರೆ, ಕುರಿ ಬೆದರುತ್ತವೆಂದು. ಹನ್ನೊಂದು ಹಟ್ಟಿಗಳು ಇವರ ಪಾಲಿಗೆ. ದಿನಕ್ಕೊಂದರಂತೆ ಸುತ್ತಿದರೆ ಸರಾಸರಿ ಇಪ್ಪತ್ತಾರು ಕಿಲೋಮೀಟರ್, ಅದರಲ್ಲಿ ಐದಾರು ಕಿಲೋಮೀಟರ್ ಸೈಕಲ್ಲೇ ಇವರ ಮೇಲೆ ಸವಾರಿ ಮಾಡುತ್ತದೆ.

ಈ ಕೆಲಸ ಮನೆತನದಿಂದ ಬಂದದ್ದಲ್ಲ. ಸೇತುಮಾಧವರ ಮನೆಯವರು ತುಂಗಭದ್ರೆಯ ದಂಡೆಯ ಮಾಧವರಂನವರು, ತಂದೆ ಪೂಜೆ ಪಾಠದವರು. ಮಗ ಕುರಿ ಮುಟ್ಟುವ ನೌಕರಿ ಹಿಡಿದಾಗ ಬಂಧುಗಳು ಮನೆಗೆ ಬರುವುದನ್ನೇ ಬಿಟ್ಟರು. ತಾಯಿ ವೆಂಕೂಬಾಯಿ ಹಿತ್ತಲಲ್ಲಿ ಒಂದು ಹಂಡೆ ನೀರಿಟ್ಟರು: ಮೊದಲು ಸ್ನಾನ, ಆಮೇಲೆ ಒಳಗೆ. ಆ ಹಂಡೆ ಇಂದಿಗೂ ಅಲ್ಲೇ ಇದೆ. ಬದಲಾದದ್ದು ತಾಯಿಯ ಮಾತು. "ಏನೋ ಸೇತು, ಇವತ್ತ ಎಷ್ಟ ಕುರಿಗೆ ಮಂತ್ರಾಕ್ಷತಿ ಹಾಕಿ ಬಂದ್ಯೋ?" ಎಂದು ಅವರು ಕಿಚಾಯಿಸುತ್ತಾರೆ. ಮಗನ ನಾಲಿಗೆ ಪೂರ್ತಿ ಹಟ್ಟಿಯವರ ನಾಲಿಗೆಯಾಗಿದೆ ಎಂಬುದೊಂದೇ ಈಗ ಅವರಿಗಿರುವ ಬೇಸರ.

ಮೇಲೆ ಹಟ್ಟಿಯಲ್ಲಿ ಪಕೀರಮ್ಮ ಆಗಲೇ ಒಲೆ ಹೊತ್ತಿಸಿದ್ದಾರೆ. ಒಲೆಯ ಮೇಲಿನ ಗಡಿಗೆಯಲ್ಲಿ ಕುದಿಯುವುದು ಅಂಬಲಿಯಲ್ಲ, ಸೂಜಿಗಳು. ಅವರ ಗಂಡ ಯರ್ರೆಪ್ಪ ಮುಳ್ಳುಬೇಲಿಯ ಗಂಡಿಯಲ್ಲಿ ನಿಂತು ಕುರಿಗಳನ್ನು ಒಂದೊಂದಾಗಿ ಹಿಡಿದುಕೊಡುತ್ತಾರೆ. ಸೇತುಮಾಧವ ಕಾಲ ಸಂದಿಯಲ್ಲಿ ಒತ್ತಿ ಹಿಡಿದು ಸೂಜಿ ಹಾಕಿ, ಬೆನ್ನಿಗೆ ಕೆಮ್ಮಣ್ಣಿನ ಗುರುತು ಹಚ್ಚಿ ಬಿಡುತ್ತಾರೆ. ಪ್ರತಿ ಕುರಿ ದಾಟಿದಾಗಲೂ ಪಕೀರಮ್ಮ ಮಡಿಲಿನಿಂದ ಒಂದು ಜೋಳದ ಕಾಳು ತೆಗೆದು ಬಟ್ಟೆಯ ಮೇಲೆ ಹಾಕುತ್ತಾರೆ. ಬಾಯಲ್ಲಿ ಒಂದು, ಎರಡು ಎನ್ನುವುದಿಲ್ಲ.

"ಕುರಿ ಎಣಿಸಬಾರದ್ರಿ. ಎಣಿಸಿದ್ರ ಕಡಿಮಿ ಆಗ್ತಾವ," ಎನ್ನುತ್ತಾರೆ ಪಕೀರಮ್ಮ. "ನಾ ಎಲ್ಲಿ ಎಣಿಸೀನಿ? ಕಾಳು ಹಾಕೀನಿ, ಅಂತೇ. ಎಣಿಸೋ ಪಾಪ ಸ್ವಾಮ್ಯಾರದು."

ಈ ಕಾಳಿನ ಪದ್ಧತಿಯ ಹಿಂದೆ ಒಂದು ನೋವಿದೆ. ಆರು ವರ್ಷಗಳ ಹಿಂದೆ ಸೇತುಮಾಧವ ಯರ್ರೆಪ್ಪನವರನ್ನು ಕುರಿ ಎಷ್ಟೆಂದು ನೇರವಾಗಿ ಕೇಳಿದ್ದರು. ಕಣ್ಣು ತಾಗೀತೆಂದು ಯರ್ರೆಪ್ಪ ಕಡಿಮೆ ಹೇಳಿದರು: ನೂರಾ ಎಂಬತ್ತು. ಸೇತುಮಾಧವ ಅಷ್ಟಕ್ಕೇ ಲಸಿಕೆ ತಂದರು. ಇನ್ನೂ ನಲವತ್ತಾರು ಮರಿಗಳು ಉಳಿದವು. ಮುಂದಿನ ಸುತ್ತು ಬರುವುದರೊಳಗೆ ಮಳೆ ಬಿತ್ತು, ಹುಲ್ಲು ಚಿಗುರಿತು, ಮೂವತ್ತೊಂದು ಮರಿ ಸತ್ತವು.

"ಅವ್ರು ಸುಳ್ಳು ಹೇಳಿದ್ದು ಕುರಿ ಉಳೀಲಿ ಅಂತ. ತಪ್ಪು ನಂದು. ಅಷ್ಟೊತ್ತಿಗೇ ಹನ್ನೆರಡು ವರ್ಷ ಇಲ್ಲಿ ಅಂಬಲಿ ಕುಡ್ದಿದ್ದೆ, ಕುರಿ ಎಷ್ಟು ಅಂತ ಕೇಳಬಾರದು ಅನ್ನೋದು ಗೊತ್ತಿರಬೇಕಿತ್ತು," ಎನ್ನುತ್ತಾರೆ ಸೇತುಮಾಧವ. ಸತ್ತ ಮರಿಗಳನ್ನು ಹೂಳಲು ಗುಂಡಿ ತೋಡಿದವರಲ್ಲಿ ಅವರೂ ಒಬ್ಬರು. ಅದನ್ನು ಹೇಳುವಾಗ ಅವರ ಕಣ್ಣು ತುಂಬುತ್ತದೆ, ಅವರು ಅದನ್ನು ಮುಚ್ಚಿಡುವುದೂ ಇಲ್ಲ. ಮರುವರ್ಷ ಪಕೀರಮ್ಮನೇ ಕಾಳಿನ ಉಪಾಯ ಹೂಡಿದರು. ಈಗ ಹನ್ನೊಂದು ಹಟ್ಟಿಗಳಲ್ಲೂ ಅದೇ ನಡೆಯುತ್ತದೆ.

ಹೊಸ ಆರ್ಡರಿಗೆ ಕಾರಣವಾದದ್ದೂ ಇದೇ ಕಾಳು. ಹೋದ ತಿಂಗಳು ಸಾಹೇಬರು ಕಡತ ನೋಡಿದರು. ಕುರಿಗಾರರು ಸರ್ಕಾರಿ ಗಣತಿಯವರಿಗೆ ಬಾಯಲ್ಲಿ ಹೇಳಿ ಬರೆಸಿದ ಸಂಖ್ಯೆ ಕಡಿಮೆ, ಖರ್ಚಾದ ಲಸಿಕೆ ಹೆಚ್ಚು. "ಇದೇಮಿಟಯ್ಯಾ? ಉಳಿದ ಮಂದು ಯಾರಿಗೆ ಮಾರಿದೆ?" ಎಂದು ಅವರು ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಮಿಕ್ಕ ಔಷಧದ ಲೆಕ್ಕವನ್ನು ಎಲ್ಲರೆದುರು ಕೇಳಿದರು. ಸೇತುಮಾಧವ ಸೀದಾ ಮನೆಗೆ ಹೋಗಿ ಹನ್ನೊಂದು ಹಟ್ಟಿಗಳ ಕಾಳಿನ ಗಂಟುಗಳನ್ನು ತಂದು ಮೇಜಿನ ಮೇಲಿಟ್ಟರು. "ಒಂದು ಕಾಳು ಒಂದು ಕುರಿ. ಕೂತು ಎಣಿಸ್ರಿ," ಎಂದರು.

ಸಾಹೇಬರು ಸಿಟ್ಟಿನಿಂದ ಕೈ ಬೀಸಿದರು. ಒಂದು ಗಂಟು ಬಿಚ್ಚಿಕೊಂಡು ಕಾಳು ನೆಲದ ತುಂಬ ಚೆಲ್ಲಿತು. ಸೇತುಮಾಧವ ನೆಲಕ್ಕೆ ಕೂತು, ಕಚೇರಿಯವರೆಲ್ಲ ನೋಡುತ್ತಿರುವಾಗಲೇ, ಕುರ್ಚಿಯ ಕೆಳಗೆ ಉರುಳಿದ್ದನ್ನೂ ಬಿಡದೆ ಒಂದೊಂದೇ ಆರಿಸಿದರು. ಆಮೇಲೆ ಎದ್ದು ನಿಂತು, "ಕಾಳು ನಂಬಿಕಿ ಇಲ್ಲಂದ್ರ ನನ್ನ ಕ್ಯಾರಿಯರ್ ಮ್ಯಾಲ ಕೂಡ್ರಿ, ಗುಡ್ಡ ತೋರಸ್ತೀನಿ," ಎಂದರು. ಸಾಹೇಬರು ಕೂಡಲಿಲ್ಲ. ವಾರದಲ್ಲಿ ಆರ್ಡರು ಬಂತು.

ಒಂಬತ್ತಕ್ಕೆಲ್ಲ ಇವತ್ತಿನ ಕೆಲಸ ಮುಗಿಯುತ್ತದೆ. ಪಕೀರಮ್ಮ ಕಾಳಿನ ಬಟ್ಟೆಗೆ ಎರಡು ಗಂಟು ಹಾಕಿ ಕೊಡುತ್ತಾರೆ. "ಸ್ವಾಮ್ಯಾರ, ನೌಕ್ರಿ ಹೋದ್ರ ಏನ್ ಮಾಡ್ತೀರಿ?" ಅವರ ದನಿಯಲ್ಲಿ ಹೆದರಿಕೆಯಿದೆ.

"ನಿಮ್ಮ ಕುರಿ ಕಾಯ್ತೀನಿ. ದಿನಾ ಎಣಿಸ್ತೀನಿ ಮತ್ತ," ಎನ್ನುತ್ತಾರೆ ಸೇತುಮಾಧವ. ಹೆದರಿದ್ದ ಪಕೀರಮ್ಮ ಬಾಯಿಗೆ ಸೆರಗು ಹಿಡಿದು ನಗುತ್ತಾರೆ.

ಇಳಿಯುವ ದಾರಿ ಬೇರೆ, ಗುಡ್ಡದ ಹಿಂಬದಿಯ ಜಾರು. ಬ್ರೇಕನ್ನು ನಂಬಿ ಇಲ್ಲಿ ಇಳಿದರೆ ಹಲ್ಲು ಉಳಿಯುವುದಿಲ್ಲ. ಸೇತುಮಾಧವ ಜಾಲಿಯ ದಪ್ಪ ಕೊಂಬೆಯೊಂದನ್ನು ಕಡಿದು ಕ್ಯಾರಿಯರಿಗೆ ಹಗ್ಗದಿಂದ ಕಟ್ಟುತ್ತಾರೆ. ಕೊಂಬೆ ನೆಲಕ್ಕೆ ಉಜ್ಜುತ್ತ ಸೈಕಲ್ಲನ್ನು ಹಿಂದಕ್ಕೆ ಎಳೆಯುತ್ತದೆ. ಕೆಂಧೂಳು ಎಬ್ಬಿಸುತ್ತ, ಬಂಡೆಗಳ ನಡುವೆ ತಿರುವು ತಿರುವಾಗಿ ಅವರು ಇಳಿಯುವುದನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ಪೇಟೆಯಲ್ಲಿ ಕೈಬಿಟ್ಟು ಸೈಕಲ್ ತುಳಿದು ಮೆರೆಯುವವರು ಒಮ್ಮೆ ಇಲ್ಲಿಗೆ ಬರಬೇಕು.

ಹತ್ತಕ್ಕೆ ಐದು ನಿಮಿಷವಿರುವಾಗ ಅವರು ಡಾಂಬರು ರಸ್ತೆಯ ಬೇವಿನ ಮರದಡಿ, ಸ್ವಚ್ಛ ತಟ್ಟೆಯಲ್ಲಿ ಸಿರಿಂಜು ಜೋಡಿಸಿಕೊಂಡು ನಿಂತಿದ್ದಾರೆ. ಪಂಚೆಯ ಮೇಲೆ ಕೆಮ್ಮಣ್ಣಿದೆ, ಕಾಲಲ್ಲಿ ಮುಳ್ಳು ಗೀರಿದ ರಕ್ತವಿದೆ. ಹತ್ತೂಕಾಲಿಗೆ ಜೀಪು ಬರುತ್ತದೆ. ಸಾಹೇಬರು ಇಳಿದು ರಸ್ತೆಯ ಎರಡೂ ಕಡೆ ನೋಡುತ್ತಾರೆ. ಒಂದು ಕುರಿಯ ಸುಳಿವೂ ಇಲ್ಲ.

"ಕುರಿ ಎಲ್ಲಯ್ಯಾ?"

ಸೇತುಮಾಧವ ಕಾಳಿನ ಗಂಟನ್ನು ಜೀಪಿನ ಬಾನೆಟ್ಟಿನ ಮೇಲಿಡುತ್ತಾರೆ. "ಇಲ್ಲೇ ಅದಾವ್ರಿ, ಇನ್ನೂರಾ ಎಪ್ಪತ್ತೊಂದು. ಗಬ್ಬದವೂ ಅದಾವ, ಕುಂಟೂ ಐತಿ, ಮರಿನೂ ಅದಾವ. ಎಲ್ಲಾಕ್ಕೂ ಸೂಜಿ ಬಿದ್ದೈತಿ."

ಸಾಹೇಬರ ಮುಖ ಕೆಂಪೇರುತ್ತದೆ. ಜೇಬಿನಿಂದ ಪೆನ್ನು ತೆಗೆಯುತ್ತಾರೆ. "ಇದಕ್ಕೆ ನಾನು ರಿಪೋರ್ಟ್ ಬರೀಲೇಬೇಕಾಗುತ್ತೆ, ತೆಲುಸಾ?"

"ಬರೀರಿ," ಎನ್ನುತ್ತಾರೆ ಸೇತುಮಾಧವ, ಸೈಕಲ್ಲಿಗೆ ಕಟ್ಟಿದ ಜಾಲಿಯ ಕೊಂಬೆಯನ್ನು ಬಿಚ್ಚುತ್ತ. "ಕುರಿ ಇಳೀಲಿಲ್ಲ, ಕಾಂಪೌಂಡರ್ ಹತ್ತಿದ್ದ ಅಂತ ಬರೀರಿ. ನಾಳಿ ಸರದಿ ಹುಡೇವಿನ ಹಿಂದಿನ ಹಟ್ಟೀದು, ಅದಕ್ಕೂ ಹತ್ತತಾನ ಅಂತ ಈಗಲೇ ಸೇರಿಸಿಬಿಡ್ರಿ. ನಿಮಗ ಎರಡು ಸಲ ಬರಿಯೋ ತ್ರಾಸು ಬ್ಯಾಡ."