ಹೆಪ್ಪಿನ ಬಟ್ಟಲು

ನಮ್ಮ ಅಡುಗೆಮನೆಯ ಗೂಡಿನಲ್ಲಿ ಒಂದು ಸ್ಟೀಲಿನ ಬಟ್ಟಲಿದೆ. ಅಂಚು ಒಂದೆಡೆ ಜಜ್ಜಿದೆ; ಯಾರದೋ ಮದುವೆಯ ಉಡುಗೊರೆಯೆಂದು ತಳದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಹೆಸರು ಅರ್ಧ ಸವೆದಿದೆ. ಅದು ನಮ್ಮದಲ್ಲ. ಪರರ ವಸ್ತುವನ್ನು ಹೀಗೆ ಇಟ್ಟುಕೊಂಡು ಕೂರುವ ಹೆಂಗಸು ನಾನಲ್ಲವೆಂದು ನನ್ನ ಬಳಿ ಕಲಿತ ಯಾವ ಮಗುವನ್ನು ಕೇಳಿದರೂ ಹೇಳೀತು; ಎರವಲು ತಂದ ಸೀಸದಕಡ್ಡಿಯನ್ನು ಗಂಟೆ ಹೊಡೆಯುವ ಮೊದಲೇ ಹಿಂದಿರುಗಿಸಬೇಕೆಂಬುದು ನನ್ನ ತರಗತಿಯ ಕಟ್ಟಳೆಯಾಗಿತ್ತು. ಆದರೂ ಬಟ್ಟಲು ಅಲ್ಲಿಯೇ ಇದೆ, ಮತ್ತು ಅದನ್ನು ಕಂಡಾಗಲೆಲ್ಲ ನನಗೆ ನೆಮ್ಮದಿಯೆನಿಸುತ್ತದೆ. ಅದು ಹೇಗೆಂಬುದನ್ನು ಕ್ರಮವಾಗಿಯೇ ಹೇಳುತ್ತೇನೆ, ಮಿತ್ರರೇ. ಕ್ರಮ ತಪ್ಪಿದರೆ ನನಗೆ ಮಾತೇ ಓಡದು.

ನಮ್ಮ ಯಜಮಾನರು ಕೊಳ್ಳೇಗಾಲದಲ್ಲಿ ಬಸ್ಸುಗಳ ಮೆಕ್ಯಾನಿಕ್. ನಿವೃತ್ತಿಗೆ ಇನ್ನು ಕೆಲವೇ ತಿಂಗಳು. ನಾನು ಮೊದಲೇ ಸ್ವಯಂ ನಿವೃತ್ತಿ ಪಡೆದು, ಅಗರದ ಬಳಿ ನಾವು ಕೊಂಡ ಹೊಲದಲ್ಲಿ ಪುಟ್ಟ ಮನೆ ಕಟ್ಟಿಸಿ ಕುಳಿತೆ. ಹೊಲದಲ್ಲಿ ರಾಗಿ, ಸಾಲಿನಲ್ಲಿ ಅವರೆ, ಹಿತ್ತಲಲ್ಲಿ ಸೊಪ್ಪು, ಕೊಟ್ಟಿಗೆಯಲ್ಲಿ ಹಸು. ಯಳಂದೂರಿನ ಅಂಗಡಿಯಿಂದ ಉಪ್ಪು ಮತ್ತು ಬೆಂಕಿಪೊಟ್ಟಣದ ಹೊರತು ಏನೂ ಬರಕೂಡದು. ನೆರೆಹೊರೆಯಲ್ಲಿ ಏನನ್ನೂ ಬೇಡಕೂಡದು. ತಾನಾಗಿ ಬಂದುದನ್ನು ಅಂದೇ ತೀರಿಸಬೇಕು. ಸ್ವಾವಲಂಬನೆಯೆಂದು ಕಪ್ಪುಹಲಗೆಯ ಮೇಲೆ ವರ್ಷಗಟ್ಟಲೆ ಬರೆದವಳಿಗೆ, ಆ ಪದವನ್ನು ಕಡೆಗೂ ಬಾಳಿನಲ್ಲಿ ತಪ್ಪಿಲ್ಲದೆ ಬರೆಯುವ ಅವಕಾಶ ದೊರೆತಿತ್ತು.

ಯಜಮಾನರು ಒಂದು ತಿಂಗಳ ರಜೆ ಹಾಕಿ ಬಂದರು. ಇದು ಪರೀಕ್ಷೆ ಎಂದು ಇಬ್ಬರಿಗೂ ಗೊತ್ತಿತ್ತು. ಕೊಳ್ಳೇಗಾಲದ ಗ್ಯಾರೇಜಿನವರೊಬ್ಬರು, ನಿವೃತ್ತಿಯ ಮರುದಿನವೇ ನಮ್ಮಲ್ಲಿಗೆ ಬಂದುಬಿಡಿ ಎಂದು ಅವರನ್ನು ಕರೆದಿದ್ದರು. ರಜೆ ಮುಗಿಯುವುದರೊಳಗೆ ಉತ್ತರ ಹೇಳಬೇಕಿತ್ತು. ಅವರು ಹೂಂ ಎಂದರೆ ನಮ್ಮ ಬಾಳು ಎರಡು ಊರಿನ ನಡುವೆ ಸೀಳಿಹೋಗುತ್ತಿತ್ತು, ಇಲ್ಲವೇ ಹೊಲವನ್ನು ಗುತ್ತಿಗೆಗೆ ಕೊಟ್ಟು ನಾನೇ ಹಿಂದಿರುಗಬೇಕಾಗುತ್ತಿತ್ತು.

ಮೊದಲ ವಾರ ಅವರು ಹುರುಪಿನಿಂದ ಪಾತಿ ಮಾಡಿದರು. ಆಮೇಲೆ ಸಂಜೆಯಾದರೆ ಬದುವಿನ ಮೇಲೆ ಕುಳಿತು, ದೂರದ ರಸ್ತೆಯಲ್ಲಿ ಹೋಗುವ ಬಸ್ಸಿನ ಸದ್ದಿಗೆ ಕಿವಿಗೊಡುವುದು ರೂಢಿಯಾಯಿತು. "ಗೇರ್‌ಬಾಕ್ಸು ಅಳ್ತಾ ಅದೆ ಕಣೇ. ಯಾವನ್ ನೋಡ್ದನೋ," ಎನ್ನುವರು; ಮಗುವಿನ ಕೆಮ್ಮು ಕೇಳಿದ ತಾಯಿಯ ಮುಖ. ಷೆಡ್ಡಿನ ಗದ್ದಲದಲ್ಲಿ ಬಾಳಿದ ಮನುಷ್ಯನಿಗೆ ನಮ್ಮ ಅಂಗಳದ ಮೌನ ಒಗ್ಗಲಿಲ್ಲ. "ಏನ್ ಮೇಡಮ್ಮೋರೆ, ನಿಮ್ಮ ಇಸ್ಕೂಲ್ಗೆ ನಾನೊಬ್ನೇ ಹುಡ್ಗನಾ? ಇನ್ಯಾರೂ ಸೇರ್ಕಳಕಿಲ್ವಾ?" ಎಂದು ನಗಿಸಿದರು. ನಗೆಯ ಹಿಂದೆ ಇದ್ದುದು ನನಗೂ ಕೇಳಿಸಿತು.

ನಿಜಕ್ಕೂ ಯಾರೂ ಬರುತ್ತಿರಲಿಲ್ಲ. ನಾನು ಬಂದ ಹೊಸತರಲ್ಲಿ ಪಕ್ಕದ ಹೊಲದ ಗೌರಮ್ಮ ಬಟ್ಟಲು ಹಿಡಿದು, "ಒಂಚೂರು ಎಪ್ಪು ಕೊಡಿ ಟೀಚ್ರಮ್ಮ," ಎಂದು ಬಂದಿದ್ದಳು. ಹಾಲು ಹೆಪ್ಪುಗಟ್ಟಲು ಬೇಕಾದ ಆ ಒಂದು ಚಮಚ ಮೊಸರನ್ನು ಕೊಟ್ಟೆ. ಮರುದಿನ ಅವಳು ಮಡಿಲು ತುಂಬ ಅವರೆಕಾಯಿ ತಂದು ಸುರಿದಳು. ನಾನು ಅದೇ ಸಂಜೆ ಅದಕ್ಕೆ ಸರಿದೂಗುವಷ್ಟು ಟೊಮೆಟೊ ಒಯ್ದು ಕೊಟ್ಟು, ಹಗುರವಾಗಿ ಮನೆಗೆ ಬಂದೆ. ಅಂದಿನಿಂದ ಅವಳು ಇತ್ತ ಸುಳಿದಿರಲಿಲ್ಲ.

ರಜೆಯ ಕೊನೆಯ ವಾರ ಬೆಕ್ಕು ಮೊಸರಿನ ಗಡಿಗೆಯನ್ನು ಉರುಳಿಸಿತು. ಹೆಪ್ಪಿಗೂ ಒಂದು ಹನಿ ಉಳಿಯಲಿಲ್ಲ. "ಗೌರಮ್ಮಾರ ಮನೆಲಿ ಇಸ್ಕಬಾರ್ದಾ?" ಎಂದರು ಯಜಮಾನರು. ನಾನು ಒಣಮೆಣಸಿನಕಾಯಿಯ ತೊಟ್ಟುಗಳನ್ನು ಬಿಡಿಸಿ ಉಗುರುಬೆಚ್ಚಗಿನ ಹಾಲಿಗೆ ಹಾಕಿದೆ. ಹಾಗೂ ಹಾಲು ಹೆಪ್ಪುಗಟ್ಟುವುದೆಂದು ನನ್ನ ಅಜ್ಜಿ ಹೇಳಿದ್ದುಂಟು. ಮಾರ್ಗಶಿರದ ಚಳಿ ಅಜ್ಜಿಯ ಮಾತನ್ನು ನಡೆಸಿಕೊಡಲಿಲ್ಲ. ಬೆಳಗ್ಗೆ ಯಜಮಾನರು ಆ ತೆಳ್ಳನೆಯ ದ್ರವವನ್ನು ಮುದ್ದೆಯ ಬದಿಗೆ ಸುರಿದುಕೊಂಡು, ಬಾಯಿಗೆ ಸಿಕ್ಕ ತೊಟ್ಟೊಂದನ್ನು ತೆಗೆದು ತಟ್ಟೆಯಂಚಿಗಿಟ್ಟರು. "ಯಾರ್ನೂ ಕೇಳ್ದೆ ಮಾಡಿದ್ ಮೊಸ್ರು," ಎಂದಷ್ಟೇ ಹೇಳಿ ಎದ್ದರು. ಅವರು ನಗಿಸಲು ಯತ್ನಿಸದಿದ್ದುದು ಅದೇ ಮೊದಲು.

ಅಂದು ಸಂಜೆ ಕೊಟ್ಟಿಗೆಯಿಂದ ಬಂದು ನೋಡಿದರೆ ಅವರಿಲ್ಲ. ಬರುವಾಗ ತಂದು ಗೂಟಕ್ಕೆ ನೇತುಹಾಕಿದ್ದ ಅವರ ಚೀಲವೂ ಇಲ್ಲ. ರಸ್ತೆಯಲ್ಲಿ ಕೊಳ್ಳೇಗಾಲದ ಬಸ್ಸು ನಿಂತು ಹೊರಟ ಸದ್ದು ಕೇಳಿಸಿತು. ಬದುವಿನ ಮೇಲೆ ನಾನು ನಡೆದದ್ದಲ್ಲ, ಓಡಿದ್ದು.

ಓಟ ನಿಂತದ್ದು ಗೌರಮ್ಮನ ಅಂಗಳದ ಬಳಿ. ಬಿಚ್ಚಿಹಾಕಿದ ಉಳುಮೆಯ ಟಿಲ್ಲರಿನ ಮುಂದೆ ನಮ್ಮ ಯಜಮಾನರು ಕುಕ್ಕರಗಾಲಿನಲ್ಲಿ ಕುಳಿತಿದ್ದರು. ಮೊಣಕೈವರೆಗೆ ಡೀಸೆಲಿನ ಮಸಿ, ಪಕ್ಕದಲ್ಲಿ ಚೀಲದಿಂದ ತೆಗೆದ ಸ್ಪ್ಯಾನರುಗಳು, ಸುತ್ತ ಊರಿನ ಅರ್ಧದಷ್ಟು ಗಂಡಸರು.

"ಬನ್ನಿ ಟೀಚ್ರಮ್ಮ, ಗಂಡ ಕಳ್ದೋದ್ರು ಅಂತ ಉಡುಕ್ಕಂಡ್ ಬಂದ್ರಾ?" ಎಂದಳು ಗೌರಮ್ಮ. "ಎಪ್ಪು ಕೇಳಕ್ ಬಂದೋರು, ನಮ್ ಟಿಲ್ಲರ್ ಕೆಟ್ಟೈತೆ ಅಂದದ್ದೇ ತಡ, ಓಡೋಗಿ ಚೀಲ ತಕಂಡ್ ಬಂದ್ರು."

"ಹಾಗಾದರೆ ಒಂದು ಚಮಚ ಹೆಪ್ಪು ಕೊಡು ಗೌರಮ್ಮ," ಎಂದೆ. ಆ ಮಾತು ನನ್ನ ಬಾಯಿಂದ ಬಂದುದಕ್ಕೆ ಯಜಮಾನರು ತಲೆಯೆತ್ತಿ ನೋಡಿದರು.

"ದೀಪ ಅಚ್ಚಾಯ್ತು. ಈಗ ಎಪ್ಪು ಒಸ್ಲು ದಾಟಕಿಲ್ಲ. ಬೆಳಗ್ಗೆ ಬನ್ನಿ."

"ಇಷ್ಟು ದಿನ ನೀನೇಕೆ ಬರಲಿಲ್ಲ?"

"ಬರಂಗೆ ಎಲ್ಲಿ ಬುಟ್ರಿ ನೀವು? ಅವರೆಕಾಯಿ ಕೊಟ್ರೆ ಒತ್ತು ಮುಳ್ಗಕ್ ಮುಂಚೆ ಟಮಾಟೆ ತಂದ್ ಮಡಗುದ್ರಿ. ಇವ್ಳ ಸಾವಾಸ ಸಾಕು ಅಂದಂಗಾಯ್ತು. ಇನ್ ಯಾವ್ ಮೊಕ ಇಟ್ಕಂಡ್ ಬರನಾ?"

ಸರಿದೂಗಿಸುವುದನ್ನೇ ಸೌಜನ್ಯವೆಂದು ನಂಬಿದವಳಿಗೆ, ಅದು ಎದುರಿನವರ ಪಾಲಿಗೆ ಬಾಗಿಲು ಹಾಕಿಕೊಂಡ ಸದ್ದಾಗಿ ಕೇಳಿಸೀತೆಂದು ಹೊಳೆದಿರಲಿಲ್ಲ. ಹೊಲ, ಹಸು, ಹಿತ್ತಲು ಎಲ್ಲವೂ ನಮ್ಮನ್ನು ಸಾಕಬಲ್ಲವು, ನಿಜ. ಆದರೆ ಹೆಪ್ಪು ಬೇರೆ ಜಾತಿಯ ವಸ್ತು. ಅದನ್ನು ಬೆಳೆಯಲಾಗದು, ನಿನ್ನೆಯ ಮೊಸರೇ ಇಂದಿನ ಹಾಲಿಗೆ ಹೆಪ್ಪಾಗಬೇಕು, ನಿನ್ನೆಯದು ಚೆಲ್ಲಿಹೋದರೆ ನೆರೆಮನೆಯದು ಬರಬೇಕು.

ಹಿಂದಿರುಗುವಾಗ ಯಜಮಾನರು ಬಸ್ಸಿನ ಸದ್ದಿಗೆ ಕಿವಿಗೊಡಲಿಲ್ಲ. "ಎಲ್ಲಾ ಬಿಚ್ಚಿ ಮಡಗಿವ್ನಿ, ನಾಳೆ ಜೋಡುಸ್ಬೇಕು. ಆಮ್ಯಾಕೆ ಅವ್ರ ಮೈದುನುಂದೂ ಒಂದ್ ಕೆಟ್ಟೈತಂತೆ," ಎನ್ನುತ್ತ ಬದುವಿನುದ್ದಕ್ಕೂ ಮಾತಾಡಿದರು. ರಜೆಯ ಕೊನೆಯ ದಿನ ಗ್ಯಾರೇಜಿನವರಿಗೆ ಫೋನು ಮಾಡಿದ್ದು ನನಗೆ ಅಡುಗೆಮನೆಯಿಂದಲೇ ಕೇಳಿಸಿತು: "ಇಲ್ಲ ಸಾ, ಬರಕಾಗಲ್ಲ. ನಮ್ಮೂರಲ್ಲೇ ಕೆಲ್ಸ ಬಾಕಿ ಬಿದ್ದೈತೆ."

ಟಿಲ್ಲರು ಬಿಚ್ಚಿದ ಮರುದಿನ ಬೆಳಗ್ಗೆ ಗೌರಮ್ಮ ಹೆಪ್ಪು ಕೊಟ್ಟ ಬಟ್ಟಲೇ ಗೂಡಿನಲ್ಲಿರುವುದು. ತೊಳೆದು, ಒರೆಸಿ, ಒಯ್ಯಲೆಂದು ಹೊಸಿಲವರೆಗೆ ಹೋಗಿ, ಹಿಂದಿರುಗಿ ಅಲ್ಲಿಯೇ ಇಟ್ಟೆ. ಅಭ್ಯಾಸ ಬಲವಾದುದು, ಕೆಲವು ದಿನ ಕೈ ತಾನಾಗಿ ಅತ್ತ ಚಾಚುತ್ತಿತ್ತು.

ನಿನ್ನೆ, ದೀಪ ಹಚ್ಚುವುದಕ್ಕೆ ತುಸು ಮುಂಚೆ, ಗೌರಮ್ಮ ಬಂದಳು, ಬರಿಗೈಯಲ್ಲಿ. "ಎಪ್ಪು ಮುಗ್ದೋಯ್ತು ಟೀಚ್ರಮ್ಮ," ಎಂದವಳು ಅಡುಗೆಮನೆಯವರೆಗೂ ನಡೆದು ಬಂದು, ಗದ್ದದಿಂದಲೇ ಗೂಡಿನತ್ತ ತೋರಿದಳು. "ಬಟ್ಲು ಯಾಕ್ ತರ್ಲಿ? ನಂದು ನಿಮ್ಮನೇಲೇ ಐತಲ್ಲ."